ನನ್ನ ಕಾಲಳತೆಯ ಬ್ರೇಕು

ಹಳೆಯ ಬೈಕು ಕೊಂಡ ವಾರದಲ್ಲೇ, ವಳಕಮದಿನ್ನಿಯ ಕಾಲುವೆ ದಾರಿಯಲ್ಲಿ ಎಮ್ಮೆ ಅಡ್ಡ ಬಂತು. ಹಿಂದೆ ಮಗಳು ಕೂತಿದ್ದಳು. ನಾನು ಕಾಲೆತ್ತಿ ಬ್ರೇಕು ತುಳಿಯುವಷ್ಟರಲ್ಲಿ ಚಕ್ರ ಎಮ್ಮೆಯ ಬಾಲ ಸವರಿತ್ತು.

ಸಿಂಧನೂರಿನ ಮೆಕ್ಯಾನಿಕ್ ತಾನೇ ಹತ್ತಿ ಕೂತು ತುಳಿದು ನೋಡಿದ.

“ಬ್ರೇಕ್ ಬರಾಬರ್ ಐತ್ರೀ ಅಕ್ಕಾ. ನಿಮ್ಮ ಯಜಮಾನ್ರನ್ನ ಕಳಸ್ರೀ, ಅವರಿಗೆ ಹೇಳ್ತೀನಿ.”

“ಅವರನ್ನ ಕಳಿಸಿದ್ರ ಅವರನ್ನೇ ರಿಪೇರಿ ಮಾಡ್ತೀಯೇನೋ ತಮ್ಮಾ? ಗಾಡಿ ಓಡಸಾಕಿ ನಾನು. ನೀ ಕೆಳಗ ಇಳಿ.”

ನಾನು ಹತ್ತಿ ಚಪ್ಪಲಿಗಾಲು ಇಟ್ಟು ತೋರಿಸಿದೆ. ಪೆಡಲ್ ನನ್ನ ಪಾದಕ್ಕಿಂತ ಮೂರು ಬೆರಳು ಮೇಲಿತ್ತು. ಅವನು ಪಾನಾ ತಂದು ಬೋಲ್ಟು ಸಡಿಲಿಸಿ, ನಾನು ಸಾಕು ಅನ್ನುವವರೆಗೂ ಪೆಡಲ್ ಇಳಿಸಿದ.

ಈಗ ತುಳಿದ ಕೂಡಲೇ ಗಾಡಿ ನಿಲ್ಲುತ್ತದೆ. ಯಜಮಾನರು ಮಾತ್ರ ಅದನ್ನು ಮುಟ್ಟುವುದಿಲ್ಲ, ಅವರ ಕಾಲಿಗೆ ಹೊಂದುವುದಿಲ್ಲವಂತೆ. ಹೀಗಾಗಿ ನನಗೆ ಬೇಕಾದಾಗಲೆಲ್ಲ ಬೈಕು ಮನೆಯ ಮುಂದೆಯೇ ಇರುತ್ತದೆ.