ಅಲ್ಲಿಯ ಮಂದಿಯ ಡಾಕ್ಟರ್

ದೇಹವಿಲ್ಲದ ಎದೆ ಮಿಡಿಯುವುದನ್ನು ನಾನು ಕಂಡದ್ದು ಸಂಶೋಧನೆಗೆಂದು ಜರ್ಮನಿಗೆ ಬಂದ ಮೊದಲ ವಾರದಲ್ಲಿ. ಎದೆಯೂ ಅಲ್ಲ, ಇಲಿಯ ಹೃದಯದ ಸ್ನಾಯುವಿನ ಒಂದೇ ಒಂದು ಜೀವಕೋಶ. ಗಾಜಿನ ತಟ್ಟೆಯಲ್ಲಿ ಒಂಟಿಯಾಗಿ ಕುಗ್ಗುತ್ತ ಹಿಗ್ಗುತ್ತ ಇತ್ತು. ಪ್ರತಿ ಮಿಡಿತಕ್ಕೂ ಒಳಗೆ ಕ್ಯಾಲ್ಸಿಯಂ ಏರಿ, ನಾವು ಹಾಕಿದ ಬಣ್ಣ ಹಸಿರಾಗಿ ಹೊಳೆಯುತ್ತಿತ್ತು. ನಡುವಿನ ಕೋಶಕೇಂದ್ರ ಮಾತ್ರ ತುಸು ತಡವಾಗಿ ಬೆಳಗಿ, ತಡವಾಗಿ ಆರುತ್ತಿತ್ತು. ಅಲ್ಲಿ ಕ್ಯಾಲ್ಸಿಯಂ ಬಹುಕಾಲ ಹೆಚ್ಚಾಗಿಯೇ ಉಳಿದರೆ ಕೋಶ ಅದನ್ನು ಬೆಳೆಯಲು ಬಂದ ಅಪ್ಪಣೆಯೆಂದು ತಿಳಿಯುತ್ತದೆ, ಹೃದಯ ದಪ್ಪವಾಗುತ್ತದೆ. ಆ ಬೆಳಕನ್ನು ಅಳೆಯುವುದೇ ನನ್ನ ಕೆಲಸ.

ನಮ್ಮ ಮುರಗೋಡದಲ್ಲಿ ಗೋಡೆಯಾಚೆ ಕೆಮ್ಮಿದರೂ "ಯಾಕ್ರಿ, ಆರಾಮಿಲ್ಲೇನು?" ಎನ್ನುವವರಿದ್ದರು. ಇಲ್ಲಿ 'ರೂಹೆತ್ಸೈಟ್', ಅಂದರೆ ಸದ್ದು ಮಾಡಬಾರದ ಹೊತ್ತು. ಭಾನುವಾರವಂತೂ ಇಡೀ ದಿನ. ಗೊತ್ತಿಲ್ಲದೆ ಶೇಂಗಾ ಚಟ್ನಿ ಕುಟ್ಟಲು ಕೂತಾಗ ಕೆಳಮನೆಯ ಅಜ್ಜಿ ಬಂದು ಬಾಗಿಲು ತಟ್ಟಿದ್ದಳು. ಅಂದಿನಿಂದ ಭಾನುವಾರ ಫೋನಿನಲ್ಲೂ ಪಿಸುಗುಡುತ್ತೇನೆ.

ಅಂಥದೊಂದು ಭಾನುವಾರ ಉಗರಗೋಳದಿಂದ ಚಿಗವ್ವ, ನನ್ನ ತಾಯಿಯ ತಂಗಿ, ವಿಡಿಯೊ ಕರೆ ಮಾಡಿದಳು. ಅಲ್ಲಿನ ದೇವಿಯ ಗುಡ್ಡಕ್ಕೆ ಬರುವ ಭಕ್ತರಿಗೆ ತೆಂಗಿನಕಾಯಿ, ಭಂಡಾರದ ಅರಿಸಿನ ಮಾರುವವಳು. ನಾಲ್ಕು ಹೆಜ್ಜೆಗೇ ಏದುಸಿರು ಬರುತ್ತಿತ್ತಂತೆ. ಬಿಪಿಯಿಂದ ಹೃದಯ ದಪ್ಪಗಾಗಿದೆ ಎಂದು ಸವದತ್ತಿಯ ಡಾಕ್ಟರು ಗುಳಿಗೆ ಕೊಟ್ಟಿದ್ದರು.

"ಗುಳಿಗಿ ತಗೊಳ್ಳಾಕ ಹತ್ತೀಯಿಲ್ಲೋ?"

"ಹಂಗ ಇಟ್ಟೇನವಾ. ಮನ್ಯಾಗ ಎದಿ ಡಾಕ್ಟರ್ ಇದ್ದಾಗ ಮಂದಿ ಮಾತ್ಯಾಕ ಕೇಳ್ಲಿ? ನೀ ತಗೋ ಅಂದ್ರ ತಗೋತೇನಿ."

ಪಿಎಚ್‌ಡಿಯ ಡಾಕ್ಟರ್ ಬೇರೆ ಎಂದು ಅವಳಿಗೆ ಯಾರು ಹೇಳಬೇಕಿತ್ತು?

"ಚಿಗವ್ವಾ, ನಾ ಮಂದೀನ್ನ ನೋಡೋ ಡಾಕ್ಟರ್ ಅಲ್ಲ. ಅವರು ಹೇಳಿದ್ದ ಖರೆ. ಇವತ್ತ ಅವರ ಕಡೆ ಹೋಗು, ಗುಳಿಗಿ ಬಿಟ್ಟೇನಿ ಅಂತ ಹೇಳು."

"ಮತ್ತ ನೀ ಯಾರ ಎದಿ ನೋಡ್ತಿ?"

"ಇಲೀದು."

ಅವಳು ನಗುತ್ತಾಳೆಂದುಕೊಂಡೆ. ನಗಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡಳು. "ಆತು ಬಿಡು, ಹೋಗ್ತೇನಿ. ನೀ ಈ ಇಲೀ ಮಾತ ಯಾರ ಮುಂದೂ ಆಡಬ್ಯಾಡ."

ಕರೆ ಮುಗಿದ ಮೇಲೆ ಗಟ್ಟಿಯಾಗಿ ಅಳಬೇಕೆನಿಸಿತು. ಭಾನುವಾರ ಆ ಮನೆಯಲ್ಲಿ ಅದಕ್ಕೂ ಅಂಜಿಕೆ.

ರಜೆಗೆ ಊರಿಗೆ ಹೋದಾಗ ಚಿಗವ್ವನ ಏದುಸಿರು ಕಡಿಮೆಯಾಗಿತ್ತು, ಗುಳಿಗೆ ತಪ್ಪಿಸುತ್ತಿರಲಿಲ್ಲ. ಉಗರಗೋಳದ ಅಂಗಡಿಯಲ್ಲಿ ಅವಳ ಪಕ್ಕ ಕುಳಿತಿದ್ದೆ. ಬಳೆ ಮಾರುವ ನೆರೆಯಾಕೆ ಬಂದು ನನ್ನೆದುರು ಮುಂಗೈ ಚಾಚಿದಳು.

"ಡಾಕ್ಟರಬಾಯಿ, ಸ್ವಲ್ಪ ನಾಡಿ ನೋಡ್ರಿ. ಎದಿ ಢವಢವ ಅಂತೈತಿ."

ನಾನು ಬಾಯಿ ತೆರೆಯುವಷ್ಟರಲ್ಲಿ ಚಿಗವ್ವ ಆ ಕೈಯನ್ನು ಮೆಲ್ಲಗೆ ಸರಿಸಿದಳು. "ಆಕಿ ಇಲ್ಲಿ ನೋಡಂಗಿಲ್ಲವಾ. ಅಲ್ಲಿ ಮಂದೀ ಡಾಕ್ಟರ್ ಆಕಿ. ನೀ ಸವದತ್ತಿಗಿ ಹೋಗು."

ನೆರೆಯಾಕೆ ಒಪ್ಪಿ ಹೊರಟಳು. ಅಲ್ಲಿಯೂ ನಾನು ಯಾರ ಡಾಕ್ಟರೂ ಅಲ್ಲ. ನನ್ನ ಮಾನ ಕಾಯಲು ಚಿಗವ್ವ ನನ್ನನ್ನು ಪರದೇಶಕ್ಕೆ ಬಿಟ್ಟುಕೊಟ್ಟಿದ್ದಳು. ತಲೆ ತಗ್ಗಿಸಿ, ನೆಟ್ಟಗಿದ್ದ ಕಾಯಿಗಳನ್ನೇ ಮತ್ತೆ ಜೋಡಿಸತೊಡಗಿದೆ.