ಮಂಗಳವಾರದ ಕಾಗದ

ನಮ್ಮ ಮನೆಯ ಮಾಳಿಗೆ ಕೋಣೆಯಲ್ಲಿ ಹನ್ನೊಂದು ಹಳೆಯ ಕಂಪ್ಯೂಟರುಗಳಿವೆ. ಹತ್ತನ್ನು ನಾನು ಸರದಿಯಂತೆ ಹಚ್ಚಿ ನೋಡುತ್ತಿರುತ್ತೇನೆ. ಹನ್ನೊಂದನೆಯದೂ ಚೆನ್ನಾಗಿಯೇ ಓಡುತ್ತದೆ. ಅದರ ಮುಂದೆ ಕೂರಲು ನನಗೆ ಹೆದರಿಕೆ.

ನಾನು ಬಬಲೇಶ್ವರದ ಒಂದು ಹೈಸ್ಕೂಲಿನಲ್ಲಿ ಕಂಪ್ಯೂಟರ್ ಕಲಿಸುತ್ತೇನೆ. ದಿನಾ ವಿಜಯಪುರದಿಂದ ಬಸ್ಸಿನಲ್ಲಿ ಹೋಗಿಬರುವ ಹೆಂಗಸಿಗೆ ರವಿವಾರ ಒಂದೇ ಸ್ವಂತದ ದಿನ. ಅವತ್ತು ನೆಂಟರು ಬಂದರೆ ನನಗೆ ಸಿಟ್ಟು ನೆತ್ತಿಗೇರುತ್ತದೆ. ಭಂಗಾರದ ಅಂಗಡಿಯಿಂದ, ಅಂದರೆ ರದ್ದಿ, ಹಳೇ ಕಬ್ಬಿಣ ಕೊಳ್ಳುವವನ ಹತ್ತಿರದಿಂದ, ಕೆಟ್ಟ ಕಂಪ್ಯೂಟರ್ ಹೊತ್ತು ತರುತ್ತೇನೆ. ಬಿಚ್ಚಿ ಧೂಳು ಜಾಡಿಸುತ್ತೇನೆ. ಹೊಟ್ಟೆ ಉಬ್ಬಿದ ಕೆಪಾಸಿಟರ್ ಕಿತ್ತು ಹೊಸದು ಕೂರಿಸುತ್ತೇನೆ, ಇದ್ದ ಮೆಮೊರಿಯನ್ನು ರಬ್ಬರಿನಿಂದ ತಿಕ್ಕಿ, ಜೊತೆಗೆ ಇನ್ನೊಂದು ಸೇರಿಸುತ್ತೇನೆ. ಪರದೆ ಬೆಳಗುವ ಆ ಗಳಿಗೆಗಾಗಿ ಊಟ ಬಿಟ್ಟದ್ದೂ ಉಂಟು. ಹುಚ್ಚು ಅಂದರೆ ಹುಚ್ಚೇ. ನಮ್ಮ ಮನೆಯಲ್ಲಿ ಉರ್ದುವಿನಲ್ಲಿ ಶುರುವಾದ ಜಗಳ ಕನ್ನಡದಲ್ಲಿ ಮುಗಿಯುತ್ತದೆ. ನನ್ನ ಗಂಡ ಕಡೆಗೆ ಅನ್ನುವುದು ಒಂದೇ ಮಾತು: "ಮಂದಿ ಹೆಂಡ್ರು ಬಂಗಾರ ಕೇಳ್ತಾರ, ನನ್ನ ಹೆಂಡತಿ ಭಂಗಾರ ಕೇಳ್ತಾಳ!"

ಹನ್ನೊಂದನೆಯದು ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಯ ಒಂದು ಡಿಟಿಪಿ ಅಂಗಡಿಯದು. ಮದುವೆಪತ್ರಿಕೆ, ಶ್ರದ್ಧಾಂಜಲಿ, ಹ್ಯಾಂಡ್‌ಬಿಲ್ ಮಾಡುವ ಅಂಗಡಿ. ಅದು ಮುಚ್ಚಿ ಐದಾರು ವರ್ಷವಾಗಿತ್ತು. ಪೆಟ್ಟಿಗೆಯ ಮುಂಭಾಗದಲ್ಲಿ ದಸರೆಯ ಖಂಡೇಪೂಜೆಯ ವಿಭೂತಿ, ಕುಂಕುಮ ಒಣಗಿ ಕೂತಿದ್ದವು. ಕೀಲಿಮಣೆಯ ಮೇಲಿನ ಅಕ್ಷರಗಳು ಅರ್ಧಕ್ಕರ್ಧ ಸವೆದು ಹೋಗಿದ್ದವು. ಮೂರು ರವಿವಾರ ಹಿಡಿಯಿತು, ಆದರೆ ಎದ್ದು ಕೂತಿತು.

ಎದ್ದ ದಿನವೇ ಪರೀಕ್ಷೆಗೆಂದು "ಶಿಕ್ಷಕರ ಸಭೆ" ಎಂದು ಬರೆಯಹೋದೆ. 'ಶಿ' ಹೊಡೆದ ಮೇಲೆ ಕೈತಪ್ಪಿ ಸ್ಪೇಸ್ ಒತ್ತಿದೆ. "ಶಿವಾಧೀನರಾದರೆಂದು ತಿಳಿಸಲು ವಿಷಾದಿಸುತ್ತೇವೆ" ಎಂದು ಇಡೀ ಸಾಲು ತಾನೇ ಬಿತ್ತು. ಯಾ ಅಲ್ಲಾ! ಕುರ್ಚಿ ಹಿಂದಕ್ಕೆ ಸರಿಸಿಬಿಟ್ಟೆ. ಆಮೇಲೆ ನಗು ಬಂತು. ಇದು ದೆವ್ವವಲ್ಲ, ಕಸುಬುದಾರನ ಉಪಾಯ. ದಿನಾ ಬರೆಯಬೇಕಾದ ಮಾತುಗಳನ್ನು ಒಂದು ಪಟ್ಟಿಗೆ ಹಾಕಿಟ್ಟರೆ, ಒಂದೆರಡು ಅಕ್ಷರ ಹೊಡೆದು ಸ್ಪೇಸ್ ಒತ್ತಿದೊಡನೆ ಪೂರ್ತಿ ಸಾಲು ಬೀಳುತ್ತದೆ. ಅಪರೂಪಕ್ಕೊಮ್ಮೆ ಬರೆಯುವುದನ್ನು ಯಾರೂ ಅದಕ್ಕೆ ಹಾಕುವುದಿಲ್ಲ. ಪಟ್ಟಿ ತೆರೆದು ಓದೋಣವೆಂದರೆ ಹಳೆಯ ಫಾಂಟು, ಅಲ್ಲಿ ಕನ್ನಡ ಮೂಡದೆ ಬರೀ ಗೀಚುಗೀಚು ಕಾಣುತ್ತಿತ್ತು. ಹೊಡೆದು ನೋಡಿಯೇ ತಿಳಿಯಬೇಕು.

ನನಗೆ ಅದೇ ಆಟವಾಯಿತು. 'ಮ' ಎಂದರೆ "ಮಂಗಲ ಕಾರ್ಯಕ್ಕೆ ಸಕುಟುಂಬ ಸಪರಿವಾರ ಸಮೇತ" ಎಂದು ಬರುತ್ತಿತ್ತು. 'ಕ್ಷೇ' ಎಂದರೆ "ನಾನು ಕ್ಷೇಮ, ನಿಮ್ಮ ಕ್ಷೇಮಕ್ಕೆ ಬರೆಯುವುದು". ಯಾರೋ ಬೆನ್ನ ಹಿಂದೆ ನಿಂತು ನನ್ನ ಮಾತು ಮುಗಿಸುತ್ತಿದ್ದ ಹಾಗಿರುತ್ತಿತ್ತು. ಕೆಲವು ಸಲ ತಿರುಗಿ ನೋಡಿದ್ದೂ ಇದೆ, ಸುಳ್ಳೇಕೆ ಹೇಳಲಿ. ಹೆದರಿಕೆ ಕಳೆಯಲೆಂದು ಪ್ರಶ್ನೆಪತ್ರಿಕೆಗೆ ಬೇಕಾದ ನನ್ನ ಸಾಲುಗಳನ್ನೂ ಅದೇ ಪಟ್ಟಿಗೆ ಸೇರಿಸಿದೆ: ಬಿಟ್ಟ ಸ್ಥಳ ತುಂಬಿರಿ, ಹೊಂದಿಸಿ ಬರೆಯಿರಿ.

ಈ ಮಷಿನ್ನಿನ ಕಥೆಯನ್ನು ಸಾಲೆಯಲ್ಲಿ ಹೇಳಿದಾಗ ಬಿಸಿಯೂಟದ ಅಡುಗೆಯವಳು ಸಾರಿನ ಸೌಟು ಕೆಳಗಿಟ್ಟಳು. ಅವಳು ಜೈನಾಪುರದವಳು. "ಆ ಅಂಗಡ್ಯಾಗ ಕೂಡತಿದ್ದಾಂವ ನಮ್ಮೂರಾವ್ರೀ. ಎದಿಬ್ಯಾನಿಯಾಗಿ ಹೋದ. ಹೇಣ್ತಿ ಟಿಕೋಟಾದಾಗ ತವರಮನಿಯಾಗ ಅದಾಳ," ಎಂದಳು. ಅವಳೇ ಅಲ್ಲಿಗೆ ಸುದ್ದಿ ಮುಟ್ಟಿಸಿರಬೇಕು. ಮುಂದಿನ ರವಿವಾರ ಮಧ್ಯಾಹ್ನ ಒಬ್ಬ ಹೆಣ್ಣುಮಗಳು ನಮ್ಮ ಬಾಗಿಲಲ್ಲಿ ನಿಂತಿದ್ದಳು. ನಲವತ್ತರ ಒಳಗಿನ ವಯಸ್ಸು, ಕೈಯಲ್ಲೊಂದು ಬಟ್ಟೆಯ ಚೀಲ.

"ಅಕ್ಕಾರ, ನಮ್ಮ ಮನಿಯವ್ರ ಕಂಪ್ಯೂಟರ್ ನಿಮ್ಮ ಕಡೆ ಐತಂತಲ್ರಿ?"

ಮೇಲೆ ಕರೆದುಕೊಂಡು ಹೋದೆ. ಮಷಿನ್ನನ್ನು ಮುಟ್ಟಲಿಲ್ಲ, ದೂರ ಕೂತು ನೋಡಿದಳು. ಆಮೇಲೆ ಹೇಳಿದಳು:

"ಒಂದ ಸಣ್ಣ ಮಾತಿಗಿ ಜಗಳಾಗಿ ತವರಿಗಿ ಬಂದಿದ್ನಿರಿ. ಅವ್ರ ಬಂದ ಕರದ್ರನ ಹೋಗ್ತೀನಿ ಅಂತ ನಾನೂ ಹಟಾ ಹಿಡದ್ನಿ. ಆರ ತಿಂಗಳಾದ್ರೂ ಬರಲಿಲ್ಲ. ಆಮ್ಯಾಲ ಅವ್ರು ಹೋದ ಸುದ್ದಿನ ಬಂತು. ಅಂವ ನಿನ್ನ ಬಿಟ್ಟಬಿಟ್ಟಿದ್ದ ಅಂತಾರ ಅವ್ರ ಮಂದಿ. ಕರಿಯಾಕ ಬರಾವ್ರಿದ್ರೋ ಇಲ್ಲೋ, ನನಗ ಅಷ್ಟ ಗೊತ್ತಾಗಬೇಕ್ರಿ. ಊರ ಮಂದಿ ಪತ್ರಕಿ ಎಲ್ಲಾ ಬರದಾರ. ನನಗಂತ ಏನರ ಬರದಿಟ್ಟಾರೇನ, ನೋಡ್ತೀರೇನ್ರಿ?"

ಎಂಟು ದಿನ ಬಿಟ್ಟು ಬರಲು ಹೇಳಿದೆ. ಆ ಎಂಟು ದಿನ ಸಾಲೆಯಿಂದ ಬಂದವಳೇ ಬುರ್ಖಾ ಕೂಡ ತೆಗೆಯದೆ ಮೇಲೆ ಹತ್ತುತ್ತಿದ್ದೆ. ಒಂದೊಂದೇ ಫೈಲು ತೆರೆದೆ. ಎಲ್ಲಾ ಮಂದಿಯ ಮದುವೆ, ಮಂದಿಯ ಸಾವು, ಮಂದಿಯ ಅಂಗಡಿಯ ಉದ್ಘಾಟನೆ. ಅವಳಿಗೆಂದು ಒಂದು ಅಕ್ಷರವೂ ಇರಲಿಲ್ಲ. ನನಗೆ ಆ ಸತ್ತವನ ಮೇಲೆ ಎಂಥ ಸಿಟ್ಟು ಬಂತೆಂದರೆ, ಎದುರಿಗಿದ್ದರೆ ಬೈದೇ ಬಿಡುತ್ತಿದ್ದೆ.

ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅನ್ನುತ್ತಾರೆ. ಮುಗಿದುಹೋದ ಮದುವೆಗೆ ನಾನೊಂದು ಸುಳ್ಳು ಹೇಳಿದರೆ ಏನು ಮುಳುಗಿತು ಅಂದುಕೊಂಡೆ. ಅವನ ಮಷಿನ್ನಿನಲ್ಲಿ, ಅವನ ಫಾಂಟಿನಲ್ಲಿ, ಅವನ ಪಟ್ಟಿಯ ಸಾಲುಗಳನ್ನೇ ಬೀಳಿಸುತ್ತ ಒಂದು ಕಾಗದ ಬರೆದೆ. ನಾನು ಕ್ಷೇಮ, ನಿನ್ನ ಕ್ಷೇಮಕ್ಕೆ ಬರೆಯುವುದು. ನಡೆದದ್ದನ್ನು ಮರೆತುಬಿಡು. ಬರುವ ಮಂಗಳವಾರ ಅಂಗಡಿಗೆ ಸೂಟಿ ಇದೆ, ಅಂದು ನಾನೇ ಟಿಕೋಟಾಕ್ಕೆ ಬಂದು ನಿನ್ನನ್ನು ಮನೆಗೆ ಕರೆದುಕೊಂಡು ಬರುತ್ತೇನೆ. ಆ ಅಂಗಡಿಗೆ ಮಂಗಳವಾರ ಸೂಟಿ ಇರುತ್ತಿತ್ತೆಂದು ಭಂಗಾರದವನು ಹೇಳಿದ್ದ. ಆ ಒಂದು ವಿವರದಿಂದ ಕಾಗದ ಖರೆ ಅನಿಸುತ್ತದೆಂದು ನನಗೆ ಬಹಳ ಹೆಮ್ಮೆಯಾಯಿತು. ಬರೆಯುವಾಗ ಬೆರಳು ತಣ್ಣಗಾಗಿದ್ದವು, ಹೊರಗೆ ಬಿಸಿಲು ಸುಡುತ್ತಿತ್ತು.

ರವಿವಾರ ಅವಳು ಬಂದಳು. "ಸಿಕ್ಕತ್ರಿ, ಅವ್ರ ಬರದದ್ದ," ಎಂದು ಕೈಗೆ ಕೊಟ್ಟೆ. ತುಟಿ ಅಲ್ಲಾಡಿಸುತ್ತ ಓದಿದಳು. ಎರಡನೇ ಸಲ ಓದಿದಳು. ಮುಖ ಬೆಳಗುತ್ತದೆಂದು ಕಾದು ನಿಂತಿದ್ದೆ.

"ಮಂಗಳವಾರ, ಶುಕ್ರವಾರ ಹೆಣ್ಣಮಗಳನ್ನ ಮನಿಯಿಂದ ಯಾರ ಕಳಸ್ತಾರ್ರಿ ಅಕ್ಕಾರ?" ಎಂದಳು ಮೆಲ್ಲಗೆ. "ಅವತ್ತ ಬಂದ್ರ ನಮ್ಮಪ್ಪ ಬಾಗಲದಾಗಿಂದನ ಹೊಳ್ಳಿ ಕಳಸ್ತಿದ್ದ. ಅವ್ರಿಗಿ ಇಷ್ಟೂ ಗೊತ್ತಿರಲಿಲ್ಲೇನ್ರಿ?"

ಹುಟ್ಟಿದಾಗಿನಿಂದ ಈ ಊರಲ್ಲೇ ಇದ್ದೇನೆ, ಎಡಬಲಕ್ಕೆಲ್ಲ ಹಿಂದೂಗಳವೇ ಮನೆಗಳು. ಅಷ್ಟು ಸಣ್ಣ ಮಾತು ನನಗೆ ಹೊಳೆದಿರಲಿಲ್ಲ. ಎಲ್ಲವನ್ನೂ ಒಪ್ಪಿಕೊಂಡೆ. ಏನೂ ಸಿಗಲಿಲ್ಲವೆಂದೂ, ಕಾಗದ ನಾನೇ ಬರೆದೆನೆಂದೂ, ಅವನ ಪಟ್ಟಿಯನ್ನು ಬಳಸಿದ್ದನ್ನೂ, ನನ್ನ ಸಾಲುಗಳನ್ನು ಅದರಲ್ಲಿ ಸೇರಿಸಿದ್ದನ್ನೂ ಹೇಳಿದೆ. ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕಾಗದವನ್ನು ಮೇಜಿನ ಮೇಲಿಟ್ಟು, "ಅವ್ರ ಪಟ್ಟಿ ಹೆಂಗ ಅನ್ನೂದರ ತೋರಸ್ರಿ," ಎಂದಳು.

ತೋರಿಸಿದೆ. ಸವೆದ ಕೀಲಿಗಳನ್ನು ಬೆರಳಿಂದ ಸವರಿದಳು. ಯಾವ ಅಕ್ಷರ ಎಲ್ಲಿದೆಯೆಂದು ನನ್ನನ್ನು ಕೇಳಿ ಕೇಳಿ, ತನ್ನ ತವರೂರಿನ ಮೊದಲ ಎರಡಕ್ಷರ ಹೊಡೆದಳು. 'ಟಿಕೋ'. ಸ್ಪೇಸ್ ಒತ್ತಿದಳು.

"ಸಿಟ್ಟ ಸಾಕ ಮಾಡು. ಮನಿಗಿ ಬಾ. ನಾನ ಸೋತೆ ಅಂತ ತಿಳಕೊ."

ಆ ಪಟ್ಟಿಯಲ್ಲಿ ಅಷ್ಟು ದಿನ ನಾನು ಕಂಡದ್ದೆಲ್ಲ ಪತ್ರಿಕೆಯ ಕನ್ನಡ. ಇದೊಂದೇ ಮನೆಯ ಮಾತು. ಅವಳು ಪರದೆಯಿಂದ ಕಣ್ಣು ಕೀಳದೆ ಕೇಳಿದಳು: "ಇದನ್ನ ಯಾರ ಬರದದ್ರಿ?"

"ಅವ್ರ ಬರದದ್ದವ್ವಾ. ಅಲ್ಲಾನ ಆಣಿ ಮಾಡಿ ಹೇಳ್ತೀನಿ, ಇದು ನಂದಲ್ಲ."

"ಈಗಿನ್ನಾ ಆ ಕಾಗದಾನೂ ಅವ್ರ ಬರದದ್ದು ಅಂದ್ರಿ." ಅವಳು ಎದ್ದಳು. "ಇದೂ ನಿಮ್ದ ಇರಬೇಕ ಬಿಡ್ರಿ. ನನಗ ಸಮಾಧಾನ ಆಗಲಿ ಅಂತ ಮಾಡೀರಿ."

ಅವಳು ಮೆಟ್ಟಿಲಿಳಿದು ಹೋದಳು. ಒಂದು ಗಳಿಗೆ ನನ್ನ ಮೇಲೆ ನನಗೇ ಅನುಮಾನ ಬಂತು. ಆ ವಾರವೆಲ್ಲ ಅವನ ಹಾಗೆ ಯೋಚಿಸಿ ಯೋಚಿಸಿ, ಮರೆವಿನಲ್ಲಿ ನಾನೇ ಹಾಕಿದೆನೇ? ಇಲ್ಲ. ನನಗೆ ಅಂಥ ಮಾತು ಬರೆಯಲು ಬರುವುದಿಲ್ಲ, ಬಂದಿದ್ದರೆ ಕಾಗದದಲ್ಲೇ ಬರೆಯುತ್ತಿದ್ದೆ. ಆಗ ಇನ್ನೊಂದು ಹೊಳೆಯಿತು, ಚಪ್ಪಲಿ ಕೂಡ ಮೆಟ್ಟದೆ ಬಸ್‌ಸ್ಟ್ಯಾಂಡಿಗೆ ಓಡಿದೆ.

ಟಿಕೋಟಾ ಬಸ್ಸಿನ ಕಿಟಕಿಯ ಹತ್ತಿರ ಕೂತಿದ್ದಳು. ಮೇಲುಸಿರು ಬಿಡುತ್ತ ಕೂಗಿ ಹೇಳಿದೆ: "ಒಂದ ಸಲ ಬರದದ್ದನ್ನ ಯಾರೂ ಆ ಪಟ್ಟಿಗಿ ಹಾಕೂದಿಲ್ಲವ್ವಾ! ದಿನಾ ಬರಿಯೂದನ್ನಷ್ಟ ಹಾಕತಾರ. ಅವ್ರು ಅದನ್ನ ದಿನಾ ಬರದಾರ, ಬರದ ಬರದ ಅಳಿಸ್ಯಾರ. ನಂಬು ನನ್ನ."

ಕಿಟಕಿಯ ಸರಳು ಹಿಡಿದುಕೊಂಡು ನನ್ನ ಕಡೆ ಬಾಗಿದಳು. ಕಂಡಕ್ಟರ್ ಸೀಟಿ ಊದಿದ.

"ಖರೆ ಇರಬೇಕ್ರಿ ಅಕ್ಕಾರ. ಅವ್ರು ಮಾತಾಡೂದು ಹಂಗ," ಎಂದಳು. "ಮೊದಲ ಆ ಕಾಗದಾ ಕೊಡದಿದ್ರ, ನಾ ಅಲ್ಲೇ ಕುಂತ ಅತ್ತಬಿಡ್ತಿದ್ನಿ. ಈಗ ಅಳು ಬರವಲ್ದ್ರಿ."