ಬತ್ತೀನಿ ಎನ್ನದೆ ಹೊರಟವನು

ಬ್ರಿಟಿಷರ ಪಟಾಲಮ್ಮಿಗೆ ಸೇರಲು ಹೊರಟ ದಿನ ನಾನು ಅಕ್ಕನ ಮೇಲೆ ಮುನಿಸಿಕೊಂಡಿದ್ದೆ. ಹೆತ್ತವರಿಲ್ಲದ ನನ್ನನ್ನು ನಿಡಘಟ್ಟದಲ್ಲಿ ಸಾಕಿದವಳು ಅವಳೇ. ನಾನು ಮಂಡ್ಯದ ಸಕ್ಕರೆ ಕಾರ್ಖಾನೆಗೆ ಸೇರಬೇಕೆಂದು ಅವಳ ಹಟ; ಹಡಗು ಹತ್ತಬೇಕೆಂದು ನನ್ನದು. ಹೊಸಿಲು ದಾಟುತ್ತಾ, "ಓಯ್ತೀನಿ," ಅಂದೆ. ಮನೆ ಬಿಡುವಾಗ ನಮ್ಮ ಕಡೆ ಯಾರೂ ಹಾಗನ್ನುವುದಿಲ್ಲ. ಹಾಗೆ ಹೋಗುವವರು ಸತ್ತವರು ಮಾತ್ರ.

"ಓಯ್ತೀನಿ ಅನ್ಬ್ಯಾಡ ಕಣ್ಲಾ, ಬತ್ತೀನಿ ಅನ್ನು," ಅಂದಳು ಅಕ್ಕ. ನಾನು ತಿರುಗಿ ನೋಡಲಿಲ್ಲ. ಅಂಥ ಹುಂಬ ನಾನು.

ವರ್ಷ ತುಂಬುವಷ್ಟರಲ್ಲಿ ಮಲಯದಲ್ಲಿ ಜಪಾನಿನವರ ಸೆರೆಗೆ ಸಿಕ್ಕಿಬಿದ್ದೆವು. ಶಿಬಿರದಲ್ಲಿ ನನ್ನ ಸುತ್ತ ಪಂಜಾಬಿನವರು, ತಮಿಳರು. ಕನ್ನಡ ಬಲ್ಲವನು ಒಬ್ಬನೂ ಇರಲಿಲ್ಲ. ಹಸಿವನ್ನಾದರೂ ತಡೆದೇನು, ಇದನ್ನು ತಡೆಯಲಾರದೆ ಸೌದೆ ಒಡೆಯುವಾಗ ಒಬ್ಬನೇ ಕನ್ನಡದಲ್ಲಿ ಗೊಣಗಿಕೊಳ್ಳುತ್ತಿದ್ದೆ.

ಅದು ಒಬ್ಬ ಕಾವಲುಗಾರನ ಕಿವಿಗೆ ಬಿತ್ತು. ತೊಟ್ಟಿದ್ದು ಜಪಾನಿನ ಸಮವಸ್ತ್ರ, ಆಸಾಮಿ ಜಪಾನಿನವರ ಆಳ್ವಿಕೆಯಲ್ಲಿದ್ದ ಕೊರಿಯಾದವನು. ಅಧಿಕಾರಿಗಳೆದುರು ಅವನೂ ತನ್ನ ಭಾಷೆ ಆಡುವಂತಿರಲಿಲ್ಲ. ಯಾರೂ ಇಲ್ಲದಾಗ ಹರುಕು ಇಂಗ್ಲಿಷಿನಲ್ಲಿ ನನ್ನನ್ನು ಮಾತಿಗೆಳೆದ. ಅವನ ಊರಲ್ಲೂ ಮಕ್ಕಳು ಅಪ್ಪನನ್ನು ಅಪ್ಪ ಎಂದೇ ಕೂಗುತ್ತಾರಂತೆ. ಹಿರಿಯರೊಡನೆ ಒಂದು ಬಗೆಯ ಮಾತು, ಕಿರಿಯರೊಡನೆ ಇನ್ನೊಂದು. ಕ್ರಿಯಾಪದ ಇಂಗ್ಲಿಷಿನಂತೆ ನಡುವೆ ನುಗ್ಗದೆ ನಮ್ಮದರಂತೆ ಕೊನೆಗೆ ಬರುತ್ತಿತ್ತು. ಆದರೆ ಬಂದೆ, ಬಂದಳು, ಬಂದರು ಎಂಬ ನಮ್ಮ ಗೋಜಲು ಕೇಳಿ ಅವನು ನಕ್ಕುಬಿಟ್ಟ. ಅವನ ಭಾಷೆಯಲ್ಲಿ ನಾನು ಬಂದರೂ ಅವಳು ಬಂದರೂ ಒಂದೇ ಮಾತು.

ಒಂದು ಸಂಜೆ, ಮನೆ ಬಿಡುವಾಗ ಏನನ್ನುತ್ತೀರಿ ಎಂದು ಕೇಳಿದೆ. ಹೋಗಿ ಬರುತ್ತೇನೆ ಅನ್ನುತ್ತೇವೆ, ಮನೆಯವರು ಹೋಗಿ ಬಾ ಅನ್ನುತ್ತಾರೆ, ಅಂದ. ತಮಿಳರು ಹಾಗನ್ನುವುದರಲ್ಲಿ ಆಶ್ಚರ್ಯವಿಲ್ಲ, ಅವರು ನೆರೆಮನೆಯವರು. ಪಂಜಾಬಿನವರಾದರೋ ಚಲ್ತಾ ಹೂಂ, ಹೊರಟೆ, ಅಂದು ಎದ್ದುಬಿಡುತ್ತಿದ್ದರು. ಸಮುದ್ರದಾಚೆಯ ಇವನ ಮನೆಯ ಹೊಸಿಲಲ್ಲಿ ಅಕ್ಕನ ಮಾತೇ ಇತ್ತು. ನನಗೆ ಅಳು ತಡೆಯಲಾಗಲಿಲ್ಲ. ಅವಳ ವಿಷಯವೆಲ್ಲ ಹೇಳಿದೆ. ಅವನು ಕೇಳಿಕೊಂಡು, ನಿನ್ನ ಅಕ್ಕನ ಆ ಮಾತನ್ನು ನಿಮ್ಮ ಭಾಷೆಯಲ್ಲಿ ಹೇಳಿಕೊಡು ಎಂದ.

ಯುದ್ಧ ಮುಗಿದಾಗ ಬ್ರಿಟಿಷರು ಅವನನ್ನೂ ಜಪಾನಿನವರ ಜೊತೆ ಲಾರಿಗೆ ಹತ್ತಿಸಿದರು. ಹತ್ತುವ ಮುಂಚೆ ನನ್ನ ಕಡೆ ತಿರುಗಿ, "ಬತ್ತೀನಿ," ಅಂದ.

"ಓಗ್ಬುಟ್ಟು ಬಾಪ್ಪ," ಅಂದೆ. ಆಮೇಲೆ ಅವನೇನಾದನೋ ತಿಳಿಯಲಿಲ್ಲ.

ಮದ್ದೂರಿನಲ್ಲಿ ರೈಲಿಳಿದು ಊರಿಗೆ ನಡೆದೆ. ಮನೆಗೆ ಬೀಗ. ಪಕ್ಕದ ಮನೆಯ ಅಜ್ಜಿ ಬೀಗದಕೈ ತಂದುಕೊಟ್ಟಳು.

"ಓದ ವರ್ಸ ಜರ ಬಂದು ತೀರೋದ್ಳು ಕಣಪ್ಪ ನಿಮ್ಮಕ್ಕ. ಕೊನೇಗಂಟ ಬಾಗ್ಲಿಗೆ ಅಗಣಿ ಆಕ್ನಿಲ್ಲ. ಸಿಟ್ನಲ್ಲಿ ಅಂದವ್ನೆ, ಬತ್ತಾನೆ ಬುಡು ಅಂತಿದ್ಳು."

ಅಕ್ಕ ಬಯಸಿದ್ದ ಕಾರ್ಖಾನೆಯಲ್ಲೇ ಕೆಲಸ ಸಿಕ್ಕಿತು. ಮೊದಲ ದಿನ ಬೆಳಗ್ಗೆ ಹೊಸಿಲಲ್ಲಿ ನಿಂತು, "ಬತ್ತೀನಿ ಕಣಕ್ಕ," ಅಂದೆ. ಒಬ್ಬರೇ ಆಡಿ ಮುಗಿಸುವ ಮಾತಲ್ಲ ಅದು, ಆ ಕೊರಿಯಾದವನ ಭಾಷೆಯಲ್ಲಾಗಲಿ ನನ್ನದರಲ್ಲಾಗಲಿ. ಒಳಗಿನಿಂದ ಬಾ ಅನ್ನುವವರಿರಲಿಲ್ಲ. ಬೀಗ ಹಾಕಲು ಕೈ ಬರಲಿಲ್ಲ. ಬಾಗಿಲನ್ನು ಬರೀ ಮುಂದಕ್ಕೆಳೆದು ಹೊರಟೆ.